ಕಂಬಕ್ಕೆ ಹೇಳಿದ ಮಾತು

ನೊಣ, ಪ್ರೊಫೆಸರರ ಬೆಳ್ಳಿ ಲೋಟದ ಅಂಚಿನ ಮೇಲೆ ನೊಣ, ಓಡಿಸಬೇಕು, ಕೈ ಏಳುತ್ತಿಲ್ಲ, ನಡುಹಗಲಿನಲ್ಲಿ ಕೈ ಯಾಕೆ ಇಷ್ಟು ತಣ್ಣಗಾಗಿದೆ, ಹಿತ್ತಲ ಬಾವಿಕಟ್ಟೆಯಿಂದ ಈ ಪಡಸಾಲೆಯವರೆಗೆ ಹೇಗೆ ನಡೆದು ಬಂದೆನೋ ನೆನಪಿಲ್ಲ, ಬಂದು ಚಾಪೆಯ ಮೇಲೆ ಕೂತಿದ್ದೇನೆ, ನಗುತ್ತಲೂ ಇದ್ದೇನೆ ಅಂತ ಕಾಣುತ್ತದೆ, ಯಾಕೆಂದರೆ ಪ್ರೊಫೆಸರರು ನನ್ನ ಕಡೆ ತಿರುಗಿ ನಗುತ್ತಿದ್ದಾರೆ, ನಿಮ್ಮ ಮನೆ ಬಹಳ ತಂಪಾಗಿದೆ ಮಿಸ್ ಲಕ್ಷ್ಮಿ ಅಂತ ಇಂಗ್ಲಿಷಿನಲ್ಲಿ ಹೇಳುತ್ತಿದ್ದಾರೆ, ಹೌದು ಸರ್, ಕಲ್ಲಿನ ಕಟ್ಟಡ ಸರ್, ಅಂತ ನನ್ನ ಬಾಯಿ ಹೇಳುತ್ತಿದೆ, ನಾನಲ್ಲ, ಬಾಯಿ. ಬೀದಿಯಲ್ಲಿ ತರಕಾರಿ ಗಾಡಿ ಹೋಗುತ್ತಿದೆ, ಗಾಡಿಯವನು ಎತ್ತಿಗೆ ತೆಲುಗಿನಲ್ಲಿ ಬೈಯುತ್ತಿದ್ದಾನೆ, ನಮ್ಮ ಚಿಂತಾಮಣಿಯ ಎತ್ತುಗಳಿಗೆ ಕನ್ನಡ, ತೆಲುಗು ಎರಡು ಭಾಷೆಯ ಬೈಗುಳವೂ ಅರ್ಥವಾಗುತ್ತದೆ, ಪಾಪ ಪ್ರೊಫೆಸರರಿಗೆ ಒಂದೂ ಆಗುವುದಿಲ್ಲ, ಬೊಂಬಾಯಿಯವರು, ವಿಲಾಯಿತಿಯಲ್ಲಿ ಓದಿದವರು, ಕನ್ನಡದಲ್ಲಿ ನೀರು, ಸಾಕು, ಬೇಡ, ಇಷ್ಟೇ ಬರುವುದು, ಅದಕ್ಕೇ ಅವರಿಗೂ ನಮ್ಮವರಿಗೂ ನಡುವೆ ನಾನು ಕೂತಿರುವುದು, ಅವರ ಮಾತು ಇವರಿಗೆ, ಇವರ ಮಾತು ಅವರಿಗೆ. ಬೆಳಿಗ್ಗೆ ಅವರ ಹಳೇ ಆಸ್ಟಿನ್ ಕಾರು ನಮ್ಮ ಬೀದಿಯಲ್ಲಿ ನಿಂತಾಗ ನನ್ನಷ್ಟು ಜಂಬದವಳು ಈ ತಾಲ್ಲೂಕಿನಲ್ಲೇ ಇರಲಿಲ್ಲ, ನನ್ನ ಗೈಡು, ನನ್ನ ಎಂ.ಎ. ಪ್ರಬಂಧಕ್ಕಾಗಿ ನಾನು ಶಿಡ್ಲಘಟ್ಟದಲ್ಲಿ ನೋಡಿ ಬಂದ ಮನೆಗಳನ್ನು ತಾವೂ ಒಮ್ಮೆ ನೋಡುತ್ತೇನೆಂದು ಹೊರಟವರು, ದಾರಿಯಲ್ಲಿ ನಮ್ಮ ಮನೆಯಲ್ಲಿ ಊಟ, ಅಣ್ಣನೇ ಒತ್ತಾಯ ಮಾಡಿ ಕರೆಸಿದ್ದು, ಕರ್ಕೊಂಡ್ ಬಾರಮ್ಮ ನಿಮ್ಮ ಪ್ರೊಫೆಸರ್‌ನ, ನಮ್ಮನೇಲೂ ಒಂದೊತ್ತು ಉಂಡ್ಕೊಂಡು ಹೋಗ್ಲಿ, ಅಂದಿದ್ದ ನಮ್ಮ ವರದಣ್ಣ, ಎಷ್ಟು ಒಳ್ಳೆಯ ಅಣ್ಣ ಅಂದುಕೊಂಡಿದ್ದೆ, ಹಾಸ್ಟೆಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಅವನು ಎದುರಿಗೇ ಕೂತಿದ್ದಾನೆ, ಇಸ್ತ್ರಿ ಮಾಡಿದ ಷರಟು, ಕಾಲ ಮೇಲೆ ಕಾಲು, ಗೌರಿಬಿದನೂರಿನ ತಾಲ್ಲೂಕು ಕಚೇರಿಯ ಗುಮಾಸ್ತ ವರದರಾಜ, ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುವವನು, ಈಗಷ್ಟೇ ಬಾವಿಯ ಹತ್ತಿರ ನಿಂತು ಕಾಲು ತೊಳೆಯುತ್ತಾ ಲಚ್ಚಿ ಒಂದ್ನಿಮಿಷ ಬಾರೆ ಅಂದವನು. ನೋಡು ಲಚ್ಚಿ, ಊಟಕ್ಕೆ ಮುಂಚೆ ನಿಮ್ಮ ಸಾಹೇಬ್ರು ಸಾವಿತ್ರೀನ ಒಂಚೂರು ನೋಡ್ಲಿ. ಅತ್ತಿಗೇನಾ, ಯಾತಕ್ಕಣ್ಣ. ಯಾತಕ್ಕೆ ಅಂದ್ರೆ, ಅವಳು ಕಂಬದ ಜೊತೆ ಮಾತಾಡ್ತಾಳಲ್ಲ, ಅದನ್ನ ನೋಡ್ಲಿ, ಹುಚ್ಚಾಸ್ಪತ್ರೆಯೋರೂ ಅವರನ್ನ ಕೇಳಿ ಮುಂದಕ್ಕೆ ಹೋಗ್ತಾರಂತಲ್ಲ, ಬುದ್ಧಿ ಸ್ವಾಧೀನ ಇಲ್ಲ ಅಂತ ಎರಡು ಸಾಲು ಬರ್ಕೊಟ್ರೆ ಸಾಕು, ಮಿಕ್ಕಿದ್ದು ಚಿಕ್ಕಬಳ್ಳಾಪುರದ ಲಾಯರ್ರು ನೋಡ್ಕೋತಾರೆ. ನಾನು ನಕ್ಕೆ, ತಮಾಷೆ ಅಂದುಕೊಂಡು ನಿಜವಾಗಿಯೂ ನಕ್ಕೆ, ಅವನು ನಗಲಿಲ್ಲ, ಪಾದದ ಬೆರಳುಗಳ ಸಂದಿಗೆ ನೀರು ಬಿಟ್ಟುಕೊಳ್ಳುತ್ತಾ ಹೇಳುತ್ತಲೇ ಹೋದ, ಮದುವೆಯಾಗಿ ಎಷ್ಟು ವರ್ಷ ಆಯ್ತು, ಮನೇಲಿ ಒಂದು ಕೂಸಿಲ್ಲ, ಮುಂಚೆ ಆಗಿದ್ರೆ ಇನ್ನೊಬ್ಬಳನ್ನ ತರ್ಬೋದಾಗಿತ್ತು, ಈಗ ಕಾನೂನು ಬಂದ್ಬಿಟ್ಟಿದೆ, ಸರ್ಕಾರಿ ನೌಕರ ಎರಡನೇ ಮದುವೆ ಆದ್ರೆ ಕೆಲಸಾನೇ ಹೋಗುತ್ತೆ, ಹೆಂಡ್ತಿಗೆ ಹುಚ್ಚು ಅಂತ ರುಜುವಾತಾದ್ರೆ ಮಾತ್ರ ಬಿಡುಗಡೆ. ಅವಳೇನಾಗ್ತಾಳೆ ಅಣ್ಣ. ಏನಾಗ್ತಾಳೆ, ಪೆರೇಸಂದ್ರದಲ್ಲಿ ಅವಳಣ್ಣ ಇದಾನೆ, ಬಿಟ್ಟು ಬರೋದು. ಬಿಟ್ಟು ಬರೋದು, ಸಂತೆಯಿಂದ ತಂದ ಕೊಡ ತೂತು ಅಂತ ವಾಪಸು ಕೊಟ್ಟು ಬರುವ ಹಾಗೆ. ಹುಚ್ಚಿ ಅನ್ನಿಸಿಕೊಂಡು ಹೋದವಳನ್ನು ಆ ಊರಿನಲ್ಲಿ ಯಾರು ಒಳಗೆ ಸೇರಿಸುತ್ತಾರೆ, ಮಕ್ಕಳು ಕಲ್ಲು ಹೊಡೆಯುತ್ತಾರೆ, ಅವಳಣ್ಣನ ಹೆಂಡತಿ ಹೊರಗಿನ ಜಗಲಿಯ ಮೇಲೆ ಅನ್ನ ಇಡುತ್ತಾಳೆ. ನಾನು ಹೇಳಲ್ಲ ಅಂದೆ. ಏನು ಹೇಳಲ್ಲ, ನಾನೇನು ಸುಳ್ಳು ಹೇಳು ಅಂತ ಅಂದ್ನೇನಮ್ಮ, ಕಂಬದ ಜೊತೆ ಮಾತಾಡೋದು ನೀನೂ ಕಂಡಿದೀಯ, ಬೀದಿಗೆ ಬೀದೀನೇ ಕಂಡಿದೆ, ಇದ್ದದ್ದನ್ನ ಇದ್ದ ಹಾಗೆ ಇಂಗ್ಲಿಷ್‌ನಲ್ಲಿ ಹೇಳು ಅಷ್ಟೆ, ಹೇಳಲ್ಲ ಅಂದ್ರೆ ನಿನ್ನ ಓದು ಇಲ್ಲಿಗೆ ಸಾಕು, ಹಾಸ್ಟೆಲ್‌ನಿಂದ ಟ್ರಂಕು ತರಿಸ್ತೀನಿ, ಗಂಡು ನೋಡಣ. ಟವೆಲಿನಿಂದ ಮುಖ ಒರೆಸಿಕೊಂಡು, ಅಪ್ಪನಿಗೂ ಗೊತ್ತು ಕಣೇ, ಅಂದು ಒಳಗೆ ಬಂದುಬಿಟ್ಟ.

ಅಪ್ಪನಿಗೂ ಗೊತ್ತು, ಇಲ್ಲ, ಸುಳ್ಳು, ಅಪ್ಪ ಅಲ್ಲೇ ಬೆಂಚಿನ ಮೇಲೆ ಕೂತಿದ್ದಾರೆ, ರಿಟೈರಾದ ಹೆಡ್ ಮಾಸ್ಟರ್ ಅನಂತರಾಮಯ್ಯನವರು, ಮಡಿಸಿದ ಪೇಪರು ತೊಡೆಯ ಮೇಲೆ, ಪೇಪರನ್ನೇ ನೋಡುತ್ತಿದ್ದಾರೆ, ನನ್ನನ್ನು ನೋಡುತ್ತಿಲ್ಲ, ಬೆಳಗಿನಿಂದ ಒಂದು ಸಲವೂ ನೋಡಿಲ್ಲ, ಈಗ ಹೊಳೆಯುತ್ತಿದೆ. ಅವರ ಎದುರಿಗೆ ಮೂರು ಅಡಿ ದೂರದಲ್ಲಿ ಆ ಕಂಬ, ಕಲ್ಲು ಕಂಬ, ತಲೆಯೊರಗಿ ಕೂತವರ ಎಣ್ಣೆ ಹತ್ತಿ ಒಂದು ಕಡೆ ಕಪ್ಪಾಗಿರುವ ಕಂಬ, ಪ್ರೊಫೆಸರರು ಒಮ್ಮೆ ಅದರ ಮೇಲೆ ಕೈಯಾಡಿಸಿ ಹಳೆಯದಾ ಅಂತ ಕೇಳಿದರು, ನಮ್ಮ ಮುತ್ತಾತನ ಕಾಲದ್ದು ಸರ್ ಅಂದೆ. ಸರ್, ನಮ್ಮ ಕಡೆ ಸೊಸೆ ಮಾವನ ಎದುರು ನಿಂತು ಮುಖ ನೋಡಿ ಮಾತಾಡುವುದಿಲ್ಲ, ಮಾವನೂ ಸೊಸೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅದು ಮರ್ಯಾದೆ ಸರ್, ನಡುವೆ ಯಾರಾದರೂ ಒಬ್ಬರು ಬೇಕು — ಇಷ್ಟು ಹೇಳಿದರೆ ಆಗುತ್ತಿತ್ತು, ಆಗಲೇ ಹೇಳಿಬಿಡಬೇಕಾಗಿತ್ತು, ಆದರೆ ಆಗ ನನಗೇನು ಗೊತ್ತಿತ್ತು. ಅಮ್ಮ ಇದ್ದಷ್ಟು ದಿನ ನಡುವೆ ಅಮ್ಮ ಇದ್ದಳು, ಅತ್ತೆ, ಮಾವನೋರಿಗೆ ನೀರು ಕಾದಿದೆ ಅನ್ನಿ, ಅಂತ ಅತ್ತಿಗೆ ಒಳಗಿನಿಂದ ಹೇಳುವಳು, ಅಮ್ಮ ಅದನ್ನು ತಿರುಗಿ ಹೇಳುವ ಗೋಜಿಗೂ ಹೋಗುತ್ತಿರಲಿಲ್ಲ, ಅಪ್ಪ ಕೇಳಿಸಿಕೊಂಡು ಟವೆಲು ಹೆಗಲಿಗೆ ಹಾಕಿಕೊಂಡು ಏಳುವರು. ಅಮ್ಮ ಹೋದಳು. ವೈಕುಂಠ ಸಮಾರಾಧನೆಗೆ ಬಂದಿದ್ದ ನೆಂಟರೆಲ್ಲ ಬಸ್ಸು ಹತ್ತಿದರು, ಅಣ್ಣ ಗೌರಿಬಿದನೂರಿಗೆ, ನಾನು ಕಾಲೇಜಿಗೆ, ಮನೆಯಲ್ಲಿ ಉಳಿದದ್ದು ಮಾವ, ಸೊಸೆ, ನಡುವೆ ಮಾತು ದಾಟಿಸುವುದಕ್ಕೆ ಒಂದು ನರಪಿಳ್ಳೆ ಇಲ್ಲ. ರಜಕ್ಕೆ ಬಂದಾಗ ನೋಡಿದೆ, ಅತ್ತಿಗೆ ಅಡಿಗೆಮನೆಯ ಬಾಗಿಲಿಗೆ ಬಂದು, ಸೆರಗು ತಲೆಯ ಮೇಲೆಳೆದುಕೊಂಡು, ಅಪ್ಪನ ಕಡೆ ಪಕ್ಕ ಮಾಡಿ ನಿಂತು, ಕಂಬಕ್ಕೆ ಹೇಳಿದಳು, ನೀರು ಕಾದಿದೆ. ಅಪ್ಪ ಎದ್ದು ಸ್ನಾನಕ್ಕೆ ಹೋದರು. ಎಲೆ ಹಾಕಿದೆ, ಅಂದಳು ಕಂಬಕ್ಕೆ, ಅಪ್ಪ ಊಟಕ್ಕೆ ಎದ್ದರು. ಊಟದ ನಡುವೆ ಅಪ್ಪ ತೊಲೆಯ ಕಡೆ ನೋಡಿ, ಸಾರಿಗೆ ಉಪ್ಪು ಒಂಚೂರು ಮುಂದಾಯ್ತು, ಅಂದರು, ಅತ್ತಿಗೆ ನೀರು ಮಜ್ಜಿಗೆ ತಂದು ಬಡಿಸಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಏನೇ ಅತ್ತಿಗೆ ಕಂಬದ ಜೊತೆ ಸಂಸಾರ ಮಾಡ್ತಿದೀಯ ಅಂತ ಛೇಡಿಸಿದೆ, ಇನ್ನೇನ್ ಮಾಡ್ಲಮ್ಮಾ ಲಚ್ಚಮ್ಮಾ, ಬೆಕ್ಕಿಗೆ ಹೇಳೋಣಾಂದ್ರೆ ಅದು ಒಂದು ಕಡೆ ನಿಲ್ಲಲ್ಲ, ಅಂದಳು, ಅವಳೂ ನಕ್ಕಳು, ಎಷ್ಟು ನಕ್ಕಿದ್ದೆವು.

ನಾನು ಈ ಬೆಂಗಳೂರಿನ ಮೇಲಿನ ಓದಿಗೆ ಹೋದದ್ದೇ ಆ ಕಂಬದ ಮುಖಾಂತರ, ಅಯ್ಯೋ ದೇವರೇ. ಬಿ.ಎ. ಮುಗಿದಿತ್ತು, ಮನಃಶಾಸ್ತ್ರ ಓದಬೇಕು, ಸಂಸಾರಗಳು ಹೇಗೆ ಕೂಡಿ ಬಾಳುತ್ತವೆ, ಹೇಗೆ ಒಡೆಯುತ್ತವೆ ಅಂತ ಓದಬೇಕು ಅಂದರೆ ಅಪ್ಪ ಪೇಪರು ಕೆಳಗಿಳಿಸಲೇ ಇಲ್ಲ, ಸಂಸಾರ ಅಂದ್ರೇನೂಂತ ತಿಳ್ಕೊಳೋಕೆ ಸಂಸಾರ ಮಾಡ್ಬೇಕಮ್ಮ, ಓದೋದಲ್ಲ, ಅಂದರು, ಮುಗಿಯಿತು ಅಂತ ನಾನು ಕೋಣೆಯಲ್ಲಿ ಬಿದ್ದುಕೊಂಡು ಅತ್ತೆ. ಆಗ ಹೊರಗೆ ಅತ್ತಿಗೆಯ ದನಿ, ಎಂದೂ ಎರಡು ಮಾತಿಗಿಂತ ಹೆಚ್ಚು ಆಡದವಳು ಅವತ್ತು ಕಂಬಕ್ಕೆ ಉದ್ದಕ್ಕೆ ಹೇಳುತ್ತಿದ್ದಳು, ಹುಡುಗಿಗೆ ಓದೋ ಆಸೆ ಇದೆ, ಮನೆ ಕೆಲಸಕ್ಕೆ ನಾನೊಬ್ಬಳು ಸಾಲ್ದಾ, ಅವಳು ಬಂದು ಇಲ್ಲಿ ಮುಸುರೆ ತಿಕ್ಕೋದು ಬೇಕಾಗಿಲ್ಲ, ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟಿದ್ದು ನಂಗೆ ಇವತ್ತಿಗೂ ಹೊಟ್ಟೇಲಿ ಉರೀತದೆ, ಅವಳಿಗೂ ಹಂಗೇ ಆಗ್ಬೇಕಾ. ಮಾರನೆಯ ಬೆಳಿಗ್ಗೆ ಅಪ್ಪ ಕಾಫಿ ಕುಡಿದು ಲೋಟ ಕೆಳಗಿಟ್ಟು, ಫೀಸಿಗೆ ವರದನಿಗೆ ಕಾಗದ ಬರೀತೀನಿ, ಹೋಗಮ್ಮ, ಅಂದರು. ಎಂ.ಎ. ಸೇರಿದೆ, ದಪ್ಪ ದಪ್ಪ ಪುಸ್ತಕ ಓದಿದೆ, ಒಂದು ಮನೆಯಲ್ಲಿ ಯಾರು ಯಾರ ಜೊತೆ ಮಾತಾಡುತ್ತಾರೆ ಅನ್ನುವುದೇ ಆ ಮನೆಯ ಆರೋಗ್ಯ ಅಂತ ಪ್ರೊಫೆಸರರು ಪಾಠ ಹೇಳಿದರು, ಅದನ್ನೇ ಪ್ರಬಂಧಕ್ಕೆ ತೆಗೆದುಕೊಂಡೆ, ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವವರ ಮನೆಗಳಿಗೆ ಹೋಗಿ ಕುದಿಯುವ ಗೂಡಿನ ನಾತದ ನಡುವೆ ಕೂತು, ಅತ್ತೆಯಿಂದ ಸೊಸೆಗೆ ಒಂದು ಬಾಣ, ಮಗನಿಂದ ತಾಯಿಗೆ ಒಂದು ಬಾಣ, ಹಾಳೆಗಟ್ಟಲೆ ಬಾಣದ ಗೆರೆ ಹಾಕಿಕೊಂಡು ಬಂದೆ. ನಮ್ಮ ಮನೆಯ ಗೆರೆ ಹಾಕಬೇಕು ಅಂತ ಒಂದು ದಿನವೂ ಅನ್ನಿಸಲಿಲ್ಲ. ನಮ್ಮ ಮನೆ ಸರಿಯಾಗಿದೆಯಲ್ಲ, ಅಂದುಕೊಂಡಿದ್ದೆ.

ಹುಚ್ಚು ಅಂತ ಹೆಂಗಮ್ಮ ಕಂಡುಹಿಡೀತೀರ ನೀವು, ಅಂತ ಅಣ್ಣ ಕೇಳಿದ್ದು ಹೋದ ದೀಪಾವಳಿಯಲ್ಲಿ, ಜಗಲಿಯ ಮೇಲೆ ಕೂತು ಹುರಿದ ಕಡಲೆಕಾಯಿ ಬಿಡಿಸುತ್ತಾ, ಸುಮ್ಮನೆ ಕೇಳಿದ ಹಾಗೆ ಕೇಳಿದ. ನನಗೋ ಕೇಳುವವರು ಸಿಕ್ಕರೆ ಸಾಕಿತ್ತು. ಇಲ್ಲದ ದನಿ ಕೇಳಿಸೋದು ಅಣ್ಣ, ಜೀವ ಇಲ್ಲದ ವಸ್ತುವಿನ ಜೊತೆ ಮಾತಾಡೋದು, ಮಾತಾಡಿದ್ರೂ ಪರವಾಗಿಲ್ಲ, ದೇವರ ಪಟದ ಮುಂದೆ ಎಲ್ಲರೂ ಮಾತಾಡ್ತಾರೆ, ಆದ್ರೆ ಅದು ತಿರುಗಿ ಉತ್ತರ ಕೊಡುತ್ತೆ ಅಂತ ನಂಬಿಬಿಟ್ರೆ ಮುಗೀತು, ನಮ್ಮ ಪ್ರೊಫೆಸರು ಮೊದಲು ಕೇಳೋ ಪ್ರಶ್ನೆನೇ ಅದು, ಉತ್ತರ ಕೊಡುತ್ತಾ ಅಂತ, ಹೌದು ಅಂದ್ರೆ ಮುಂದಕ್ಕೆ ಕೇಳೋದೇ ಬೇಡ. ಎಷ್ಟು ಕೈ ತಿರುಗಿಸಿ ತಿರುಗಿಸಿ ಹೇಳಿದೆ, ಎಂ.ಎ. ಅಲ್ಲವೇ. ಅದೇ ಹೊತ್ತಿಗೆ ಒಳಗೆ ಅತ್ತಿಗೆ ಕಂಬಕ್ಕೆ, ಕಷಾಯ ಆರಿ ಹೋಗ್ತಿದೆ, ಅಂತಿದ್ದಳು, ಅಪ್ಪ ಹೂಂ ಅಂದದ್ದೂ ಜಗಲಿಗೆ ಕೇಳಿಸಿತು, ನನಗೆ ಅದು ದಿನದ ಸದ್ದು, ಕೊಡ ಇಡುವ ಸದ್ದಿನ ಹಾಗೆ, ಕಿವಿಗೇ ಬೀಳಲಿಲ್ಲ. ಅಣ್ಣ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದ್ದ, ಒಳಗಿನ ಕಡೆ ತಿರುಗಿ ನೋಡಿದ್ದ, ಈಗ ಕಣ್ಣಿಗೆ ಕಟ್ಟಿದ ಹಾಗಿದೆ, ಅವತ್ತು ಅವನ ಕೈಗೆ ಪೊಳ್ಳು ಕಾಯಿ ಸಿಕ್ಕಿರಬೇಕು ಅಂದುಕೊಂಡೆ. ನಾನೇ ಕೊಟ್ಟ ಕತ್ತಿ. ಒಳಗಿನಿಂದ ಒಬ್ಬಟ್ಟಿನ ತುಪ್ಪದ ಪರಿಮಳ ಬರುತ್ತಿದೆ, ಹಿತಕಿದ ಅವರೆಬೇಳೆಯ ಸಾರಿನ ಪರಿಮಳ ಬರುತ್ತಿದೆ, ಬೆಳಕು ಹರಿಯುವ ಮುಂಚೆ ಎದ್ದು ಒಂದೊಂದೇ ಕಾಳು ಹಿತಕುತ್ತಾ ಕೂತಿದ್ದಳು, ಏಮ್ ಲಚ್ಚಮ್ಮಾ, ನಿಮ್ಮ ಮೇಷ್ಟ್ರು ಖಾರ ತಿಂತಾರಾ, ನಮ್ಮ ಸೊಗಡವರೆ ಅವರ ಬೊಂಬಾಯ್ನಾಗೆ ಎಲ್ಲಿ ಸಿಗ್ತದೆ, ಚೆನ್ನಾಗಿ ಉಂಡ್ರೆ ನಿಂಗೆ ಒಳ್ಳೆ ಮಾರ್ಕು ಕೊಡ್ತಾರೆ, ಅಂತ ನಗುತ್ತಿದ್ದಳು. ಅವಳ ಉಗುರೆಲ್ಲ ಹಸಿರಾಗಿತ್ತು.

ಬಂದಳು, ಬಾಗಿಲಿಗೆ ಬಂದಳು, ಬರಬೇಡ ಅತ್ತಿಗೆ, ಇವತ್ತೊಂದು ದಿನ ನನ್ನನ್ನು ಒಳಗೆ ಕರೆದು ಹೇಳು, ನಾನಿದ್ದೇನಲ್ಲ, ಇಲ್ಲ, ನಾನು ಪ್ರೊಫೆ‌ಸರರ ಜೊತೆ ಮಾತಾಡುತ್ತಿದ್ದೇನೆ ಅಂತ ಅವಳಿಗೆ ಗೌರವ, ಅಡ್ಡ ಬಾಯಿ ಹಾಕಬಾರದು ಅಂತ, ಸೆರಗು ಎಳೆದುಕೊಂಡಳು, ಪಕ್ಕಕ್ಕೆ ತಿರುಗಿದಳು, ಕಂಬಕ್ಕೆ ಹೇಳಿದಳು, ಎಲೆ ಹಾಕಿದೆ, ಬಿಸಿ ಇದ್ದಾಗ್ಲೇ ಎದ್ರೆ ಚೆನ್ನ, ದೂರದಿಂದ ಬಂದೋರ್ಗೆ ಹಸಿವಾಗಿರ್ತದೆ. ಅಪ್ಪ ಎದ್ದರು. ಊಟಕ್ಕೆ ಎಲ್ಲರೂ ಏಳುವ ಹೊತ್ತು, ಅವಳ ಮಾತಿಗೇ ಅಪ್ಪ ಎದ್ದದ್ದು ಯಾರಿಗೂ ಕಾಣಲಿಲ್ಲ, ಪ್ರೊಫೆಸರರು ಮಾತ್ರ ಏಳದೆ ಕನ್ನಡಕ ತೆಗೆದು ಬಾಗಿಲ ಕಡೆ ನೋಡುತ್ತಿದ್ದಾರೆ, ಆಕೆ ಯಾರಿಗೆ ಹೇಳಿದ್ದು, ಅಂತ ನನ್ನನ್ನು ಕೇಳಿದರು, ನಾನು ಬಾಯಿ ತೆರೆಯುವುದರೊಳಗೆ ಅಣ್ಣ, ಕಂಬಕ್ಕೆ ಸರ್, ಆ ಕಂಬಕ್ಕೆ, ವರ್ಷಗಳಿಂದ ಹೀಗೇ ಸರ್, ನನ್ನ ಹೆಂಡತಿ ಸರ್, ಏನು ಹೇಳಲಿ ನಮ್ಮ ಕಷ್ಟ, ಅಂದುಬಿಟ್ಟ, ಕಚೇರಿಯ ಇಂಗ್ಲಿಷು, ಮೊದಲೇ ಉರು ಹೊಡೆದದ್ದು. ಪ್ರೊಫೆಸರರ ಮುಖ ಬದಲಾಯಿತು, ಕೆಟ್ಟ ಮುಖ ಅಲ್ಲ, ಮೃದುವಾದ ಮುಖ, ಹುಚ್ಚಾಸ್ಪತ್ರೆಯಲ್ಲಿ ರೋಗಿಗಳ ಮುಂದೆ ನಾನು ಕಂಡಿರುವ ಮುಖ, ಅದನ್ನು ಕಂಡು ನನಗೆ ಇನ್ನೂ ಭಯವಾಯಿತು. ನಿಮ್ಮ ತಂದೆಯವರನ್ನು ಕೇಳಿ, ಮನೆಯಲ್ಲಿ ದಿನವೂ ಜೊತೆಗಿರುವವರು ಅವರು, ಆಕೆ ಅವರೊಂದಿಗೆ ಮಾತಾಡುತ್ತಾರಾ ಕೇಳಿ. ಬದುಕಿದೆ ಅಂದುಕೊಂಡೆ, ಅಪ್ಪನನ್ನು ಕೇಳುವುದು ತಾನೇ, ಅಪ್ಪನಿಗೆ ಗೊತ್ತಿಲ್ಲದ್ದು ಯಾರಿಗೆ ಗೊತ್ತು, ಅಪ್ಪ, ಅತ್ತಿಗೆ ನಿಮ್ಮ ಹತ್ರ ಮಾತಾಡ್ತಾಳಾ ಅಂತ ಕೇಳ್ತಿದಾರೆ, ಹೇಳಿ ಅಪ್ಪ. ಅಪ್ಪ ನಿಂತೇ ಇದ್ದರು, ಕಂಬಕ್ಕೆ ಕೈ ಕೊಟ್ಟು ನಿಂತಿದ್ದರು, ಅಣ್ಣನನ್ನು ನೋಡಿದರು, ನೆಲ ನೋಡಿದರು. ನನ್ನ ಹತ್ರ ಇವತ್ತಿನವರೆಗೂ ಒಂದು ಮಾತಾಡಿಲ್ಲಮ್ಮ, ಅಂದರು. ಏನಿದ್ರೂ ಕಂಬಕ್ಕೇ.

ಅಪ್ಪ. ಅಪ್ಪ ಹೇಳಿದರು. ಒಂದು ಅಕ್ಷರ ಸುಳ್ಳಿಲ್ಲ, ಅದೇ, ಸುಳ್ಳಾಗಿದ್ದರೆ ಸುಳ್ಳು ಅನ್ನಬಹುದಾಗಿತ್ತು, ಮಕ್ಕಳಿಗೆ ನಿಜ ಹೇಳಿ ಅಂತ ಕೈ ಮೇಲೆ ಬೆತ್ತದಲ್ಲಿ ಹೊಡೆದ ಮೇಷ್ಟರು ನಿಜವನ್ನೇ ಹೇಳಿದರು, ಅವಳ ಕೈಯ ಕಷಾಯ ಕುಡಿದ ಬಾಯಿ, ಮಂಡಿಗೆ ಬಿಸಿ ಎಣ್ಣೆಯ ಬಟ್ಟಲು ದಿನವೂ ಕಂಬದ ಬುಡದಲ್ಲಿ ಇಟ್ಟು ಹೋಗುವವಳು ಅವಳು, ಆ ಬಟ್ಟಲು ಕಂಬ ಹಚ್ಚಿಕೊಳ್ಳುತ್ತಿತ್ತಾ ಅಪ್ಪ, ಒಂದು ಮೊಮ್ಮಗುವಿಗಾಗಿ ಇಷ್ಟು ಹೇಳಿಬಿಟ್ಟಿರಾ, ನಿಮ್ಮ ಮೇಲೆ ಅಸಹ್ಯವಾಗುತ್ತಿದೆ, ನಿಮ್ಮನ್ನು ನೋಡಿ ಅಳುವೂ ಬರುತ್ತಿದೆ, ಎರಡೂ ಒಟ್ಟಿಗೆ ಬರುತ್ತವೆ ಅಂತ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಏನಂದರು, ಅಂತ ಪ್ರೊಫೆಸರರು, ಮಾತಾಡಿಲ್ಲವಂತೆ, ಕಂಬಕ್ಕೇ ಅಂತೆ, ಅಂತ ನನ್ನ ಬಾಯಿಂದಲೇ ಇಂಗ್ಲಿಷಿನಲ್ಲಿ ಹೊರಬಿತ್ತು, ದುಭಾಷಿ ಅಲ್ಲವೇ, ಹೇಳಿದ್ದನ್ನು ಹೇಳಿದ ಹಾಗೆ ಹೇಳಿದೆ, ಇನ್ನು ಇದು ನಮ್ಮ ಕಡೆಯ ಮರ್ಯಾದೆ ಅಂದರೂ ಅಪ್ಪನ ಮಾತಿನ ಮುಂದೆ ನನ್ನದನ್ನು ಯಾರು ನಂಬುತ್ತಾರೆ, ಅಣ್ಣ ಉಸಿರು ಬಿಟ್ಟದ್ದು ಕೇಳಿಸಿತು. ಅತ್ತಿಗೆ ಬಾಗಿಲಲ್ಲೇ ಇದ್ದಳು. ಇಂಗ್ಲಿಷು ಬಾರದು, ಆದರೆ ಅಪ್ಪನ ಮಾತು ಕನ್ನಡದ್ದು, ಅವಳ ಕೈಯಲ್ಲಿದ್ದ ತುಪ್ಪದ ಗಿಂಡಿ ಒಂದು ಪಕ್ಕಕ್ಕೆ ವಾಲಿತ್ತು, ತುಪ್ಪ ಹೊಸಿಲ ಮೇಲೆ ಸುರಿಯುತ್ತಿತ್ತು, ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ, ನನ್ನನ್ನು ನೋಡಿದಳು, ಏನಾಗ್ತಿದೆಯೇ ಲಚ್ಚಮ್ಮಾ ಅಂತ ಕಣ್ಣಲ್ಲೇ ಕೇಳಿದಳು, ನಾನು ಕಣ್ಣು ತಪ್ಪಿಸಿದೆ.

ಈಗ ಆಕೆಯನ್ನೇ ಕೇಳಿ, ಅನ್ನುತ್ತಿದ್ದಾರೆ ಪ್ರೊಫೆಸರರು, ಮೆಲ್ಲಗೆ ಕೇಳಿ, ಹೆದರಿಸಬೇಡಿ, ಆ ಕಂಬ ನಿಮಗೆ ಉತ್ತರ ಕೊಡುತ್ತದಾ ಅಂತ ಕೇಳಿ. ಅದೇ ಪ್ರಶ್ನೆ. ನನಗೆ ಅದರ ಎರಡು ಬಾಗಿಲೂ ಗೊತ್ತು, ಹೌದು ಅಂದರೆ ಪೆರೇಸಂದ್ರದ ಬಸ್ಸು, ಇಲ್ಲ ಅಂದರೆ ಮತ್ತೆ ಯಾಕೆ ಮಾತಾಡುತ್ತೀರಿ ಅನ್ನುವ ಪ್ರಶ್ನೆ, ಅದಕ್ಕೆ ಉತ್ತರ ಹೇಳಬೇಕಾದರೆ ಮಾವನ ಎದುರು ಮಾವನ ಮಾತು ಎತ್ತಬೇಕು, ಮಾವ ಅರ್ಧ ಮಾತು ನುಂಗಿದರು ಅನ್ನಬೇಕು, ಅವಳು ಅನ್ನುವುದಿಲ್ಲ, ಕೊಂದರೂ ಅನ್ನುವುದಿಲ್ಲ. ಮಿಸ್ ಲಕ್ಷ್ಮಿ ಅಂತ ಮತ್ತೆ ಕರೆಯುತ್ತಿದ್ದಾರೆ, ಅಷ್ಟರಲ್ಲಿ ಅಣ್ಣ, ಸಾವಿತ್ರಿ, ಆ ಕಂಬ ನಿಂಗೆ ಉತ್ತರ ಕೊಡುತ್ತಾ ಅಂತ ಕೇಳ್ತಿದಾರೆ ಸಾಹೇಬ್ರು, ಹೇಳು, ಬೇಗ ಹೇಳು. ಅತ್ತಿಗೆ ಗಿಂಡಿ ಕೆಳಗಿಟ್ಟಳು. ಗಂಡನನ್ನು ನೋಡಿದಳು, ಕಂಬ ಹಿಡಿದು ನಿಂತ ಅಪ್ಪನ ಕಾಲನ್ನು ನೋಡಿದಳು, ಆ ಬಲಗಾಲು ನಡುಗುತ್ತಿತ್ತು, ಬಹಳ ಹೊತ್ತು ನಿಂತರೆ ಅದು ನಡುಗುತ್ತದೆ, ಮತ್ತೆ ಸೆರಗು ಎಳೆದುಕೊಂಡಳು — ಬೇಡ ಅತ್ತಿಗೆ, ಇವತ್ತು ಬೇಡ, ಅವರ ಮುಖ ನೋಡಿ ಬೈದುಬಿಡು — ಪಕ್ಕಕ್ಕೆ ತಿರುಗಿದಳು, ಎಲ್ಲರೂ ನೋಡುತ್ತಿರುವಾಗಲೇ, ತನ್ನನ್ನು ಮುಳುಗಿಸಿದವರಿಗೆ ಕೊಡಬೇಕಾದ ಮರ್ಯಾದೆಯನ್ನು ಒಂದು ಚೂರೂ ಕಡಿಮೆ ಮಾಡದೆ, ಕಂಬಕ್ಕೆ ಹೇಳಿದಳು, ಆಗ್ಲಿಂದ ನಿಂತೇ ಇದಾರೆ ಮಾವನೋರು, ಮಂಡಿ ನೋವಿಟ್ಕೊಂಡು ಇಷ್ಟೊತ್ತು ನಿಲ್ಬಾರ್ದು, ಕೂತ್ಕೋಬೇಕು.

ಅಪ್ಪ ಕೂತರು. ಹಿಂದೆ ಮುಂದೆ ನೋಡಲಿಲ್ಲ, ಯೋಚಿಸಲಿಲ್ಲ, ಕಂಬದಿಂದ ಕೈ ಬಿಟ್ಟರು, ಬೆಂಚು ತಡವಿಕೊಂಡರು, ಕೂತರು. ಅಣ್ಣ ಗೆದ್ದವನ ಹಾಗೆ ಪ್ರೊಫೆಸರರ ಕಡೆ ತಿರುಗಿದ್ದಾನೆ, ನೋಡಿದಿರಾ ಸರ್, ಕಂಬಕ್ಕೇ, ನಿಮ್ಮ ಎದುರಿಗೇ, ಅನ್ನುತ್ತಿದ್ದಾನೆ, ಅವನು ಅಪ್ಪನನ್ನು ನೋಡಲೇ ಇಲ್ಲ, ಪ್ರೊಫೆಸರರು ಕಂಬವನ್ನು ನೋಡುತ್ತಿದ್ದಾರೆ, ಬೆಂಚನ್ನು ನೋಡಿದವಳು ನಾನೊಬ್ಬಳೇ, ಆಕೆ ಏನು ಹೇಳಿದರು ಮಿಸ್ ಲಕ್ಷ್ಮಿ, ಉತ್ತರ ಕೊಡುತ್ತದೆ ಅಂದರಾ, ಅಣ್ಣನ ಕಣ್ಣು ನನ್ನ ಮೇಲೆ, ಟ್ರಂಕು, ತರಿಸಲಿ, ಗಂಡು, ನೋಡಲಿ, ಸರ್, ಅಂದೆ, ನಿಂತವರು ಕೂತುಕೊಳ್ಳಬೇಕು ಅಂದರು ಸರ್, ಹೇಳಿದ್ದು ಕಂಬಕ್ಕೆ, ಕೂತವರು ನಮ್ಮ ತಂದೆ, ನೀವೇ ನೋಡಿ. ಪ್ರೊಫೆಸರರು ತಿರುಗಿದರು. ಅಣ್ಣ ತಿರುಗಿದ. ಅಪ್ಪನಿಗೂ ಆಗಲೇ ಗೊತ್ತಾದದ್ದು, ತಾನು ಕೂತಿದ್ದೇನೆ ಅಂತ, ಏಳಲು ಹೋದರು, ಆಗಲಿಲ್ಲ, ಎರಡು ಕೈಯೂ ಮಂಡಿಯ ಮೇಲೆ, ಬಾಯಿ ಅರ್ಧ ತೆರೆದಿದೆ, ಅಣ್ಣ ಏನೋ ಕೂಗುತ್ತಿದ್ದಾನೆ, ಪ್ರೊಫೆಸರರು ಏನೋ ಕೇಳುತ್ತಿದ್ದಾರೆ, ನನಗೆ ಯಾವುದೂ ಕೇಳಿಸುತ್ತಿಲ್ಲ, ಅವಳು ಹೇಳಿದಳು, ಅಪ್ಪ ಕೂತರು, ಅಷ್ಟೆಲ್ಲ ಆದ ಮೇಲೆ ಅವಳು ಕೂತ್ಕೋಬೇಕು ಅಂದಳು, ಅಪ್ಪ ಕೂತರು, ಬೆಂಚಿನ ಮೇಲೆ, ಎರಡು ಕೈ ಮಂಡಿಯ ಮೇಲೆ, ಅಪ್ಪ ಕೂತರು, ಅಪ್ಪ